ಜಿ5ಕ್ಕೆ ಕುದುರೆ ಬಂದಾಗ

ಚೆಸ್ ಬೋರ್ಡ್ ಮೇಲೆ ಮೊದಲ ಮೂರು ನಡೆ ಇಟ್ಟಿದ್ದೇನೆ, ಹಿಂದಿನ ಸಾಲಿಗೂ ಕಾಣುತ್ತಿದೆ ತಾನೆ? ಮನೆಯ ಹೆಸರಿನಲ್ಲಿ ಅಕ್ಷರ ಅಂದರೆ ಉದ್ದ ಸಾಲು, ಎಯಿಂದ ಎಚ್‌ವರೆಗೆ; ಅಂಕಿ ಅಂದರೆ ಅಡ್ಡ ಸಾಲು, ಬಿಳಿಯ ಕಡೆಯಿಂದ ಒಂದರಿಂದ ಎಂಟು. ಬರೀ ಮನೆಯ ಹೆಸರು ಹೇಳಿದರೆ ಅದು ಕಾಲಾಳಿನ ನಡೆ. ಬಿಳಿ ಇ4, ಕಪ್ಪು ಇ5. ಬಿಳಿಯ ಕುದುರೆ ಎಫ್3ಕ್ಕೆ, ಕಪ್ಪಿನ ಕುದುರೆ ಸಿ6ಕ್ಕೆ. ಬಿಳಿಯ ಒಂಟೆ ಸಿ4ಕ್ಕೆ, ಕಪ್ಪಿನ ಇನ್ನೊಂದು ಕುದುರೆ ಎಫ್6ಕ್ಕೆ. ನಾನು ಒಂಟೆ ಅಂದಾಗ ಬಿಷಪ್, ಕಾಲಾಳು ಅಂದಾಗ ಪಾನ್ ಅಂತ ಇಟ್ಟುಕೊಳ್ಳಿ. ಇಲ್ಲಿವರೆಗೆ ಎರಡೂ ಕಡೆಯವರು ಮರ್ಯಾದೆಯಿಂದ ಕಾಯಿ ಹೊರಗೆ ತಂದಿದ್ದಾರೆ. ಈಗ ನಾಲ್ಕನೇ ನಡೆ. ಬಿಳಿಯವನು ಎಫ್3ರ ಕುದುರೆಯನ್ನೇ ಮತ್ತೆ ಎತ್ತಿ ಜಿ5ಕ್ಕೆ ಇಡುತ್ತಾನೆ.

ಇದಕ್ಕೆ ನಿಮ್ಮ ಉತ್ತರ ಏನು ಅಂತ ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಕೈ ಎದ್ದಿದ್ದು ಎಚ್6ಕ್ಕೆ. ಕಾಲಾಳನ್ನು ಒಂದು ಮನೆ ತಳ್ಳಿ ಕುದುರೆಯನ್ನು ಓಡಿಸುವುದು. ಸರಿ, ಓಡಿಸಿ ನೋಡೋಣ. ಕುದುರೆ ಓಡುತ್ತದೆ, ಆದರೆ ಹಿಂದಕ್ಕಲ್ಲ. ಎಫ್7ರ ಕಾಲಾಳನ್ನು ಹೊಡೆದು ಅಲ್ಲೇ ಕೂರುತ್ತದೆ. ಒಂದು ಕಡೆ ಡಿ8ರ ರಾಣಿ, ಇನ್ನೊಂದು ಕಡೆ ಎಚ್8ರ ಆನೆ, ಎರಡರ ಮೇಲೂ ಒಟ್ಟಿಗೆ ಕಣ್ಣು. ರಾಜ ಆ ಕುದುರೆಯನ್ನು ಹೊಡೆಯೋಣ ಅಂದರೆ ಸಿ4ರಲ್ಲಿ ಒಂಟೆ ಕಾಯುತ್ತಿದೆ. ರಾಣಿ ತಪ್ಪಿಸಿಕೊಂಡರೆ ಆನೆ ಹೋಯಿತು. ಐದನೇ ನಡೆಗೇ ಆಟ ಅರ್ಧ ಮುಗಿದ ಹಾಗೆ.

ಕೈ ಎತ್ತಿದವರು ಬೇಜಾರು ಮಾಡಿಕೊಳ್ಳಬೇಡಿ. ನಾನು ಈ ಕುದುರೆಯನ್ನು ಮೊದಲ ಸಲ ಟೂರ್ನಮೆಂಟಿನಲ್ಲಿ ಎದುರಿಸಿದಾಗ ಎಚ್6 ಆಡಲಿಲ್ಲ. ಅದಕ್ಕಿಂತ ಜಾಣನಾಗಿದ್ದೆ. ಡಿ5 ಆಡಿದೆ, ಅದು ಸರಿಯಾದ ನಡೆ. ಅವನು ಇ4ರ ಕಾಲಾಳಿನಿಂದ ಡಿ5ರಲ್ಲಿ ಹೊಡೆದ. ನಾನು ತಡ ಮಾಡದೆ ಎಫ್6ರ ಕುದುರೆಯಿಂದ ತಿರುಗಿ ಹೊಡೆದೆ. ಒಂದು ಕೊಟ್ಟೆ, ಒಂದು ತೆಗೆದುಕೊಂಡೆ, ಲೆಕ್ಕ ಸರಿಹೋಯಿತು ಅಂದುಕೊಂಡು ನೀರು ಕುಡಿಯಲು ಎದ್ದು ಹೋದೆ. ವಾಪಸ್ ಬಂದು ನೋಡಿದರೆ ಎಫ್7ರಲ್ಲಿ ಬಿಳಿ ಕುದುರೆ ಕೂತಿದೆ. ಪಕ್ಕದ ಬೋರ್ಡಿನವರು ಇನ್ನೂ ಕ್ಯಾಸಲಿಂಗ್, ಅಂದರೆ ರಾಜನನ್ನು ಆನೆಯ ಕಡೆಗೆ ಸರಿಸಿ ಭದ್ರ ಮಾಡುವ ಕೆಲಸ, ಮಾಡುತ್ತಿದ್ದರು, ನಾನು ಸ್ಕೋರ್‌ಶೀಟಿಗೆ ಸಹಿ ಹಾಕುತ್ತಿದ್ದೆ. ಇವತ್ತಿನ ಮಾತಿಗೆ ಕಾರಣ ಆ ಆಟವೇ ಅಂದರೂ ತಪ್ಪಿಲ್ಲ.

ಓಪನಿಂಗಿನಲ್ಲಿ, ಅಂದರೆ ಆಟದ ಮೊದಲ ನಡೆಗಳಲ್ಲಿ, ಕುದುರೆ ಒಂದು ಮುನ್ನುಗ್ಗಿ ಬಂದಾಗ ನಮ್ಮ ಕಣ್ಣು ಕುದುರೆಗೇ ಅಂಟಿಕೊಳ್ಳುತ್ತದೆ. ಅದನ್ನು ಓಡಿಸಬೇಕು, ಇಲ್ಲಾ ಹೊಡೆಯಬೇಕು ಅನ್ನಿಸುತ್ತದೆ. ಆದರೆ ಒಂಟಿ ಕುದುರೆ ನಿಮ್ಮನ್ನು ಏನೂ ಮಾಡಲಾರದು. ಅದು ಬಂದಿರುವುದು ಯಾರ ಬೆಂಬಲ ನಂಬಿಕೊಂಡು ಅಂತ ನೋಡಬೇಕು. ಇಲ್ಲಿ ಅದರ ಬೆನ್ನಿಗೆ ನಿಂತಿರುವುದು ಸಿ4ರ ಒಂಟೆ. ಎಫ್7ನ್ನು ಕಾಯುವುದು ರಾಜ ಒಬ್ಬನೇ, ಅಲ್ಲಿಗೆ ಗುರಿ ಇಟ್ಟವರು ಇಬ್ಬರು. ಕಾವಲಿಗೆ ಇನ್ನೊಬ್ಬರನ್ನು ತರೋಣ ಅಂದರೆ ಕೆಲಸಕ್ಕೆ ಬರುವವರು ಯಾರೂ ಇಲ್ಲ. ಉಳಿದ ದಾರಿ ಒಂಟೆಯ ಗೆರೆಗೆ ಅಡ್ಡ ನಿಲ್ಲುವುದು. ಅದಕ್ಕೇ ಡಿ5. ಕಾಲಾಳು ಒಂದು ಹೋಗುತ್ತದೆ ಅಂತ ಗೊತ್ತಿದ್ದೂ ಡಿ5.

ಜರ್ಮನಿಯ ದೊಡ್ಡ ಆಟಗಾರ ಝೀಗ್ಬರ್ಟ್ ಟರಾಶ್ ಈ ಕುದುರೆ ನಡೆಯನ್ನು ಅನಾಡಿಗಳ ನಡೆ ಅಂತ ತಳ್ಳಿಹಾಕಿದ್ದ. ಒಂದೇ ಕಾಯಿಯನ್ನು ಎರಡು ಸಲ ಆಡಬಾರದು ಅನ್ನುವ ಪಾಠದ ದೃಷ್ಟಿಯಿಂದ ಅವನ ಮಾತು ಸರಿಯೇ. ಆದರೆ ವಿಶ್ವ ಚಾಂಪಿಯನ್ ಆದವರೇ ಇದನ್ನು ಆಡಿದ್ದಾರೆ, ಸ್ಟೈನಿಟ್ಸ್ ಆಡಿದ್ದಾನೆ, ಫಿಷರ್ ಆಡಿದ್ದಾನೆ. ಬೈದ ಮಾತ್ರಕ್ಕೆ ನಡೆ ಕೆಟ್ಟದಾಗುವುದಿಲ್ಲ.

ನಾನು ಸೋತ ಆಟಕ್ಕೆ ಬರೋಣ. ಕಪ್ಪು ಕುದುರೆ ಡಿ5ರಲ್ಲಿ ಹೊಡೆದ ಮೇಲೆ ಬಿಳಿ ಕುದುರೆ ಎಫ್7ಕ್ಕೆ ಹಾರುತ್ತದೆ. ಈ ಸಲ ರಾಜ ಹೊಡೆಯಬಹುದು, ಯಾಕೆಂದರೆ ಒಂಟೆಯ ದಾರಿಯಲ್ಲಿ ಡಿ5ರ ಕುದುರೆ ನಿಂತಿದೆ. ಹೊಡೆದ ಕೂಡಲೇ ಬಿಳಿ ರಾಣಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತದೆ. ಚೆಕ್ ಜೊತೆಗೆ ಡಿ5ರ ಕುದುರೆಯ ಮೇಲೂ ಏಟು. ರಾಜ ಹೆದರಿ ಜಿ8ಕ್ಕೆ ಓಡಿದರೆ ಕಥೆ ಅಲ್ಲೇ ಮುಗಿಯಿತು. ಒಂಟೆ ಡಿ5ರಲ್ಲಿ ಹೊಡೆದು ಚೆಕ್, ರಾಣಿಯಿಂದ ತಿರುಗಿ ಹೊಡೆದರೆ ಬಿಳಿ ರಾಣಿ ಹೊಡೆದು ಮತ್ತೆ ಚೆಕ್, ಇ6ರಲ್ಲಿ ಒಂಟೆ ಅಡ್ಡ ಇಟ್ಟರೆ ಅದನ್ನೂ ಹೊಡೆದು ಮೇಟ್. ಹಾಗಾಗಿ ರಾಜ ಇ6ಕ್ಕೆ ಹೋಗಲೇಬೇಕು. ಎಲ್ಲ ಕಾಯಿಗಳೂ ಇರುವಾಗ, ಬೋರ್ಡಿನ ನಡುಮಧ್ಯೆ, ರಾಜ! ಬಿಳಿಯ ಇನ್ನೊಂದು ಕುದುರೆ ಸಿ3ಕ್ಕೆ ಬಂದು ಡಿ5ನ್ನು ಮತ್ತೆ ಒತ್ತುತ್ತದೆ. ಕಪ್ಪು ಸಿ6ರ ಕುದುರೆಯನ್ನು ಬಿ4ಕ್ಕೋ ಇ7ಕ್ಕೋ ತಂದು ಹೇಗೋ ಹಿಡಿದುಕೊಳ್ಳಬೇಕು.

ಇದರ ಹೆಸರು ಫ್ರೈಡ್ ಲಿವರ್ ಅಟ್ಯಾಕ್. ಇಟಾಲಿಯನ್ನಿನಲ್ಲಿ ಫೆಗಟೆಲ್ಲೊ. ಇಂಗ್ಲಿಷ್ ಹೆಸರಿಗೆ ಹುರಿದ ಕಲೇಜ ಅಂತ ಅರ್ಥ, ಹುರಿಸಿಕೊಳ್ಳುವುದು ಯಾರು ಅಂತ ಹೇಳಬೇಕಿಲ್ಲ. 1600ರ ಆಸುಪಾಸಿನಲ್ಲೇ ಇಟಲಿಯ ಪೊಲೇರಿಯೊ ಇದನ್ನು ಆಡಿದ್ದ. ನಾಲ್ಕು ನೂರು ವರ್ಷ ಹಳೆಯ ಬಲೆಗೆ ಇವತ್ತಿಗೂ ದಿನಾ ಜನ ಬೀಳುತ್ತಿದ್ದಾರೆ. ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ, ಹಾಕಿ ನೋಡಿದರೆ ಕಪ್ಪಿಗೆ ಇಲ್ಲಿ ಸಾವು ಖಚಿತವೇನಲ್ಲ, ಒಂದು ಕಾಯಿ ಜಾಸ್ತಿ ಬೇರೆ ಇದೆ. ಆದರೆ ಎಂಜಿನ್‌ಗೆ ಎದೆ ಬಡಿದುಕೊಳ್ಳುವುದಿಲ್ಲ, ನಮಗೆ ಬಡಿದುಕೊಳ್ಳುತ್ತದೆ. ಅದೂ ಸಾಲದು ಅಂತ ಬಿಳಿಯವನು ಎಫ್7ರಲ್ಲಿ ತಕ್ಷಣ ಹೊಡೆಯದೆ ಮೊದಲು ಡಿ4 ತಳ್ಳಿ ಇನ್ನೂ ಕಾಟ ಕೊಡಬಹುದು. ಅದಕ್ಕೆ ಲೊಲ್ಲಿ ಅಟ್ಯಾಕ್ ಅಂತ ಹೆಸರು, ಅವನೂ ಹಳೇ ಇಟಾಲಿಯನ್ನನೇ. ನನ್ನನ್ನು ಕೇಳಿದರೆ ಡಿ5ರಲ್ಲಿ ಕುದುರೆಯಿಂದ ತಿರುಗಿ ಹೊಡೆಯುವುದನ್ನು ಮರೆತುಬಿಡಿ.

ಹಾಗಾದರೆ ಏನು ಆಡಬೇಕು? ಸಿ6ರ ಕುದುರೆಯನ್ನು ಎ5ಕ್ಕೆ ತನ್ನಿ.

ಮೊದಲ ಸಲ ನೋಡಿದವರಿಗೆ ಇದು ವಿಚಿತ್ರ. ಅಂಚಿನ ಕುದುರೆ ಕೆಲಸಕ್ಕೆ ಬಾರದು ಅಂತ ಎಲ್ಲರೂ ಹೇಳಿಕೊಡುತ್ತಾರೆ, ಅಲ್ವಾ? ಆದರೆ ಅದು ಮುಟ್ಟುವುದು ಯಾರನ್ನು ಅಂತ ನೋಡಿ. ಸಿ4ರ ಒಂಟೆಯನ್ನು. ಜಿ5ರ ಕುದುರೆಯ ತಂಟೆಗೇ ಹೋಗದೆ ಅದರ ಬೆನ್ನಿಗಿರುವವನ ಕುತ್ತಿಗೆಗೆ ಕೈ ಹಾಕಿದ ಹಾಗೆ. ಒಂಟೆ ಅಲ್ಲಿಂದ ಕದಲಿದರೆ ಕುದುರೆ ಅನಾಥ.

ಬಿಳಿಯವನು ಸಾಮಾನ್ಯವಾಗಿ ಒಂಟೆಯನ್ನು ಬಿ5ಕ್ಕೆ ತಂದು ಚೆಕ್ ಕೊಡುತ್ತಾನೆ. ನೀವು ಸಿ6 ತಳ್ಳಿ ಅಡ್ಡ ಇಡಿ. ಅವನು ಡಿ5ರ ಕಾಲಾಳಿನಿಂದ ಹೊಡೆಯುತ್ತಾನೆ, ನೀವು ಬಿ7ರ ಕಾಲಾಳಿನಿಂದ ತಿರುಗಿ ಹೊಡೆಯಿರಿ. ಒಂಟೆ ಮತ್ತೆ ಏಟಿನಲ್ಲಿದೆ, ಇ2ಕ್ಕೆ ಹಿಂದೆ ಸರಿಯುತ್ತದೆ. ಈಗ, ಈಗ ಮಾತ್ರ, ಎಚ್6. ಕುದುರೆ ಎಫ್3ಕ್ಕೆ ವಾಪಸ್. ಇ5ರ ಕಾಲಾಳನ್ನು ಇ4ಕ್ಕೆ ತಳ್ಳಿ, ಕುದುರೆ ಮತ್ತೆ ಏಳಬೇಕು, ಇ5ಕ್ಕೆ ಹೋಗುತ್ತದೆ.

ಇಲ್ಲಿ ಒಂದು ನಿಮಿಷ ನಿಂತು ಎಣಿಸೋಣ. ಬಿಳಿ ಇಲ್ಲಿವರೆಗೆ ಹತ್ತು ನಡೆ ಆಡಿದೆ. ಕುದುರೆ ಒಂದೇ ನಾಲ್ಕು ಸಲ ಎದ್ದಿದೆ, ಎಫ್3, ಜಿ5, ಮತ್ತೆ ಎಫ್3, ಆಮೇಲೆ ಇ5. ಒಂಟೆ ಮೂರು ಸಲ. ಉಳಿದ ಮೂರು ಕಾಲಾಳಿನ ನಡೆ. ಹತ್ತು ನಡೆ ಆಡಿಯೂ ಹೊರಗೆ ಬಂದಿರುವುದು ಎರಡೇ ಕಾಯಿ! ರಾಣಿಯ ಕಡೆಯವರು ಇನ್ನೂ ಹಾಸಿಗೆ ಬಿಟ್ಟೇ ಎದ್ದಿಲ್ಲ. ಬಿಳಿಯ ಕೈಯಲ್ಲಿ ಒಂದು ಕಾಲಾಳು ಜಾಸ್ತಿ ಇದೆ, ನಿಜ. ಅದಕ್ಕೆ ಬದಲಾಗಿ ನಿಮಗೆ ಇ4ರಲ್ಲಿ ಗಟ್ಟಿ ಕಾಲಾಳು ಸಿಕ್ಕಿದೆ, ಬಿ ಸಾಲು ತೆರೆದಿದೆ, ಎರಡು ಒಂಟೆಗಳಿಗೂ ದಾರಿ ಸಿಕ್ಕಿದೆ. ಜೊತೆಗೆ ಇದು ನಿಮ್ಮ ನಡೆ. ಎಫ್8ರ ಒಂಟೆಯನ್ನು ಡಿ6ಕ್ಕೆ ತಂದು ಇ5ರ ಕುದುರೆಯನ್ನು ಮತ್ತೆ ಕೆಣಕಿ. ಸಿ5ಕ್ಕೆ ತಂದು ಎಫ್2ರ ಮೇಲೆ ಕಣ್ಣಿಟ್ಟರೂ ಆದೀತು.

ಎಲ್ಲ ಚೆನ್ನಾಗಿದೆ ಅಂತ ಸುಮ್ನೆ ಹೇಳಲಾರೆ. ಎ5ರ ಕುದುರೆ ಒಂಟೆಯನ್ನು ಓಡಿಸುವ ಕೆಲಸ ಮುಗಿಸಿ ಅಲ್ಲೇ ನಿರುದ್ಯೋಗಿಯಾಗಿ ಕೂರುತ್ತದೆ. ಬಿ7ರ ಮೂಲಕ ಅದನ್ನು ಆಟಕ್ಕೆ ವಾಪಸ್ ತರಲು ನೆನಪಿಟ್ಟುಕೊಳ್ಳಬೇಕು. ಎ ಮತ್ತು ಸಿ ಸಾಲಿನ ಕಾಲಾಳುಗಳು ಬೇರೆ ಬೇರೆಯಾಗಿವೆ. ಮೂವತ್ತನೇ ನಡೆ ಹೊತ್ತಿಗೆ ಕಾಯಿಗಳೆಲ್ಲ ಬದಲಾಗಿ ಆಟ ತಣ್ಣಗಾದರೆ ಆ ಒಂದು ಕಾಲಾಳಿನ ಕೊರತೆ ಕುತ್ತಿಗೆಗೆ ಬರುತ್ತದೆ. ಕಾಲಾಳು ಕೊಟ್ಟವರು ಸುಮ್ಮನೆ ಕೂರಬಾರದು, ಬಿಸಿ ಆರುವ ಮುಂಚೆ ಏನಾದರೂ ಮಾಡಬೇಕು. ಕೈಯಲ್ಲಿ ಕಾಲಾಳು ಎಣಿಸಿಕೊಂಡು ಕೂರುವ ಸ್ವಭಾವದವರಿಗೆ ಈ ದಾರಿ ಒಗ್ಗುವುದಿಲ್ಲ.

ಈ ದಾರಿಯಲ್ಲಿ ಒಂದೆರಡು ಒಳ್ಳೆಯ ಕಥೆಗಳಿವೆ, ಹೇಳದೆ ಬಿಡಲು ಮನಸ್ಸಿಲ್ಲ. ಎಚ್6 ಬಂದಾಗ ಕುದುರೆ ಎಫ್3ಕ್ಕೆ ಹೋಗುವ ಬದಲು ಎಚ್3ಕ್ಕೆ ಹೋಗಬಹುದು ಅಂತ ಸ್ಟೈನಿಟ್ಸ್ ಹಟ ಹಿಡಿದಿದ್ದ. ಅವನು ಆಗ ವಿಶ್ವ ಚಾಂಪಿಯನ್. 1890-91ರಲ್ಲಿ ರಷ್ಯಾದ ಚಿಗೋರಿನ್ ಜೊತೆ ತಂತಿ ಮೂಲಕ ಎರಡು ಆಟ ಆಡಿದ. ಅದರಲ್ಲಿ ಒಂದರಲ್ಲಿ ತನ್ನ ಎಚ್3 ನಡೆಯನ್ನೇ ಪರೀಕ್ಷೆಗೆ ಇಟ್ಟ. ಎರಡೂ ಆಟ ಚಿಗೋರಿನ್ ಗೆದ್ದ. ಅಲ್ಲಿಗೆ ಎಲ್ಲರೂ ಆ ನಡೆಯನ್ನು ಅಟ್ಟಕ್ಕೆ ಹಾಕಿದರು. ಎಪ್ಪತ್ತು ವರ್ಷ ಆದ ಮೇಲೆ, 1963ರಲ್ಲಿ, ಫಿಷರ್ ಅದನ್ನು ಇಳಿಸಿ ಧೂಳು ಒರೆಸಿ ಬಿಸ್ಗಯರ್ ವಿರುದ್ಧ ಆಡಿ ಗೆದ್ದ. ನಿಮ್ಮ ಎದುರಾಳಿ ಎಚ್3 ಆಡಿದರೆ ನಗಬೇಡಿ ಅಂತ ಹೇಳುವುದಕ್ಕೆ ಈ ಕಥೆ.

ಇನ್ನೊಂದು. ಒಂಟೆ ಇ2ಕ್ಕೆ ಹೋಗುವ ಬದಲು ಬಿಳಿಯವನು ರಾಣಿಯನ್ನು ಎಫ್3ಕ್ಕೆ ತರುತ್ತಾನೆ. ಸಿ6ರ ಕಾಲಾಳು ಒಂಟೆಯನ್ನು ಹೊಡೆದರೆ ರಾಣಿ ಎ8ರ ಆನೆಯನ್ನು ಹೊಡೆಯುತ್ತದೆ. ಇದಕ್ಕೆ ಒಂದು ದಿಟ್ಟ ಉತ್ತರ ಆ ಆನೆಯನ್ನೇ ಬಿ8ಕ್ಕೆ ತರುವುದು. ಎರಡನೇ ಕಾಲಾಳೂ ಹೋಗಲಿ, ವೇಗ ನಮ್ಮದು ಅನ್ನುವ ಧೋರಣೆ. ಇದನ್ನು ಕೂತು ಬಿಡಿಸಿದವನು ಯೂಜಿನ್ ಕೋಲ್ಮನ್. ಎರಡನೇ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿ ಸೆರೆ ಶಿಬಿರದಲ್ಲಿ ಬಂಧಿಯಾಗಿದ್ದಾಗ. ಹೊರಗೆ ಹೋಗುವ ದಾರಿ ಇಲ್ಲದವನು ಕಪ್ಪು ಕಾಯಿಗಳಿಗೆ ದಾರಿ ಹುಡುಕುತ್ತಾ ಕೂತಿದ್ದ. ಅದಕ್ಕೆ ಇವತ್ತೂ ಕೋಲ್ಮನ್ ವೇರಿಯೇಶನ್ ಅಂತಲೇ ಹೆಸರು.

ಒಂಟೆಯಿಂದ ಚೆಕ್ ಕೊಡದೆ ಬಿಳಿಯವನು ಡಿ3 ಆಡಿ ಒಂಟೆಯನ್ನು ಅಲ್ಲೇ ಕಾಪಾಡಿಕೊಂಡರೆ? ಆಗಲೂ ಎಚ್6, ಕುದುರೆ ಎಫ್3, ನಂತರ ಇ4. ಬಿಳಿಯವನು ರಾಣಿ ಇ2ಕ್ಕೆ ತಂದರೆ ನೀವು ಸಿ4ರಲ್ಲಿ ಒಂಟೆಯನ್ನು ಹೊಡೆದು, ನಿಮ್ಮ ಒಂಟೆಯನ್ನು ಸಿ5ಕ್ಕೆ ತನ್ನಿ, ಕಪ್ಪಿಗೆ ಹಾಯಾದ ಆಟ. 1956ರ ಮಾಸ್ಕೋ ಒಲಿಂಪಿಯಾಡ್‌ನಲ್ಲಿ ಬ್ರಾನ್‌ಸ್ಟೀನ್ ಇದೇ ಜಾಗದಲ್ಲಿ ರಾಣಿ ತರದೆ ಒಂದು ಕಾಯಿಯನ್ನೇ ಬಿಟ್ಟುಕೊಟ್ಟು, ಕಾಲಾಳುಗಳ ಸೈನ್ಯ ಕಟ್ಟಿ ರೋಯನ್‌ನನ್ನು ಸೋಲಿಸಿದ. ನಿಮ್ಮ ಎದುರಿಗೆ ಕೂರುವವನು ಬ್ರಾನ್‌ಸ್ಟೀನ್ ಅಲ್ಲದಿದ್ದರೆ ಚಿಂತೆ ಬೇಡ.

ಎ5 ಬೇಡ ಅನ್ನುವವರಿಗೆ ಬೇರೆ ಬಾಗಿಲುಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಅದೇ ಕುದುರೆಯನ್ನು ಡಿ4ಕ್ಕೆ ಹಾಕಬಹುದು, ಅದು ಫ್ರಿಟ್ಸ್. ಬಿ5 ತಳ್ಳಿ ಒಂಟೆಯನ್ನು ಕೆಣಕಬಹುದು, ಅದು ಉಲ್ವೆಸ್ಟಾಡ್. ಉಲ್ವೆಸ್ಟಾಡ್‌ಗೆ ಬಿಳಿಯ ಒಳ್ಳೆಯ ಉತ್ತರ ಒಂಟೆಯನ್ನು ಹುಟ್ಟಿದ ಮನೆ ಎಫ್1ಕ್ಕೇ ವಾಪಸ್ ಕಳಿಸುವುದು. ಅದು ಯಾರಿಗೂ ಥಟ್ ಅಂತ ಹೊಳೆಯುವ ನಡೆಯಲ್ಲ. ಹಾಗಾಗಿ ಬ್ಲಿಟ್ಜ್‌ನಲ್ಲಿ, ಅಂದರೆ ಕೆಲವೇ ನಿಮಿಷದ ಆಟದಲ್ಲಿ, ಇದು ಚೆನ್ನಾಗಿ ಕಚ್ಚುತ್ತದೆ. ಎರಡೂ ಆಡಬಹುದಾದವೇ, ಆದರೆ ಮನೆಯಲ್ಲಿ ಕೂತು ಓದಿಕೊಂಡು ಬರಬೇಕು.

ಆಮೇಲೆ ಟ್ರಾಕ್ಸ್ಲರ್ ಇದೆ. ಕುದುರೆ ಜಿ5ಕ್ಕೆ ಬಂದಿದೆ, ಎಫ್7 ಬೀಳುವುದರಲ್ಲಿದೆ, ನೀವು ಅದನ್ನು ನೋಡೇ ಇಲ್ಲ ಅನ್ನುವ ಹಾಗೆ ಒಂಟೆಯನ್ನು ಸಿ5ಕ್ಕೆ ಇಡುತ್ತೀರಿ! ಅವನು ಕುದುರೆಯಿಂದ ಎಫ್7 ಹೊಡೆದರೆ ನೀವು ಒಂಟೆಯಿಂದ ಎಫ್2 ಹೊಡೆದು ಚೆಕ್. ರಾಜ ಒಂಟೆಯನ್ನು ತಿಂದರೆ ನಿಮ್ಮ ಕುದುರೆ ಇ4ರಲ್ಲಿ ಹೊಡೆದು ಮತ್ತೆ ಚೆಕ್. ಅಲ್ಲಿಂದ ಮುಂದೆ ಎರಡೂ ಮನೆಗೆ ಬೆಂಕಿ. ಟ್ರಾಕ್ಸ್ಲರ್ ಬೊಹೀಮಿಯದ ಪಾದ್ರಿ, 1890ರಲ್ಲಿ ಇದನ್ನು ಆಡಿ ಗೆದ್ದ. ಪಾದ್ರಿ ಆಡಿದ್ದು ಅಂದರೆ ನಂಬುವುದು ಕಷ್ಟ, ಅಷ್ಟು ಪುಂಡ ನಡೆ. ಆದರೆ ತಣ್ಣನೆ ತಲೆಯ ಎದುರಾಳಿ ಕುದುರೆಯ ಬದಲು ಒಂಟೆಯಿಂದ ಎಫ್7 ಹೊಡೆದು ಚೆಕ್ ಕೊಡುತ್ತಾನೆ. ರಾಜ ಇ7ಕ್ಕೆ ಬರಬೇಕು, ಅವನು ಒಂಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನಿಮಗೆ ಒಂದು ಕಾಲಾಳು ಕಮ್ಮಿ, ಕ್ಯಾಸಲಿಂಗ್ ಇಲ್ಲ. ಗೆಳೆಯರ ಜೊತೆ ಆಡಿ, ಮಜಾ ಇದೆ. ಪಾಯಿಂಟ್ ಬೇಕಾದ ದಿನ ನಾನಂತೂ ಆಡುವುದಿಲ್ಲ.

ಇದೆಲ್ಲ ತಲೆನೋವೇ ಬೇಡ ಅನ್ನುವವರಿಗೆ ಒಂದು ಸಣ್ಣ ಗುಟ್ಟು. ಮೂರನೇ ನಡೆಯಲ್ಲಿ ಕುದುರೆಯನ್ನು ಎಫ್6ಕ್ಕೆ ತರುವ ಬದಲು ಒಂಟೆಯನ್ನು ಸಿ5ಕ್ಕೆ ತನ್ನಿ. ಆಗ ಡಿ8ರ ರಾಣಿಗೆ ಜಿ5ರವರೆಗೆ ದಾರಿ ಖಾಲಿ. ಬಿಳಿ ಕುದುರೆ ಹಾರಿ ಬಂದರೆ ರಾಣಿ ಹೋಗಿ ಹೊಡೆದುಹಾಕುತ್ತದೆ, ಅಷ್ಟೇ. ಎಫ್6ರಲ್ಲಿ ಕುದುರೆ ನಿಂತಾಗ ನಾವೇ ನಮ್ಮ ರಾಣಿಯ ಕಣ್ಣು ಕಟ್ಟುತ್ತೇವೆ ಅನ್ನುವುದನ್ನು ಎಷ್ಟೋ ಜನ ಗಮನಿಸಿರುವುದಿಲ್ಲ.

ಇನ್ನು ಎಚ್6 ವಿಷಯ. ಈ ಪುಟ್ಟ ನಡೆ ಎಷ್ಟು ಜನರನ್ನು ಮುಳುಗಿಸಿದೆ ಅಂದರೆ ಇದಕ್ಕೇ ಒಂದು ಗಂಟೆ ಮಾತಾಡಬಹುದು. ಕಾರೋ-ಕಾನ್ ಅನ್ನುವ ಬೇರೊಂದು ಓಪನಿಂಗ್ ಇಡುತ್ತೇನೆ, ನೋಡಿ. ಇ4, ಸಿ6. ಡಿ4, ಡಿ5. ಕುದುರೆ ಸಿ3, ಕಪ್ಪು ಡಿ5ರಿಂದ ಇ4ರಲ್ಲಿ ಹೊಡೆಯುತ್ತದೆ, ಕುದುರೆ ತಿರುಗಿ ಹೊಡೆಯುತ್ತದೆ. ಕಪ್ಪು ಕುದುರೆ ಡಿ7. ಬಿಳಿ ಕುದುರೆ ಜಿ5. ಇಲ್ಲೂ ಕೈ ಎಚ್6 ಕಡೆಗೇ ಹೋಗುತ್ತದೆ. ಆಡಿದರೆ ಕುದುರೆ ಇ6ಕ್ಕೆ ಹಾರುತ್ತದೆ, ರಾಣಿಯ ಮೇಲೆ ಏಟು. ಎಫ್7ರ ಕಾಲಾಳಿನಿಂದ ಹೊಡೆದರೆ ಬಿಳಿ ರಾಣಿ ಎಚ್5ಕ್ಕೆ ಬಂದು ಚೆಕ್, ಜಿ6 ಅಡ್ಡ ಇಟ್ಟರೆ ರಾಣಿ ಅದನ್ನು ಹೊಡೆದು ಮೇಟ್. ಎಂಟನೇ ನಡೆಗೆ ಮನೆಗೆ ಹೋಗಬಹುದು.

ಇದನ್ನು ತಪ್ಪಿಸಿಕೊಂಡರೂ ಬಲೆ ಇನ್ನೂ ಹಾಸೇ ಇರುತ್ತದೆ. ಸರಿಯಾದ ನಡೆ ಜಿ8ರ ಕುದುರೆ ಎಫ್6ಕ್ಕೆ. ಬಿಳಿ ಒಂಟೆ ಡಿ3, ಕಪ್ಪು ಇ6, ಬಿಳಿಯ ಎರಡನೇ ಕುದುರೆ ಎಫ್3. ಈಗ ಎಚ್6 ಆಡಬಹುದಾ? 1997ರ ಮೇ 11ರಂದು ನ್ಯೂಯಾರ್ಕ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಆಡಿದ. ಎದುರಿಗಿದ್ದದ್ದು ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ, ಪಂದ್ಯದ ಆರನೇ, ಕೊನೆಯ ಆಟ. ಯಂತ್ರ ಕುದುರೆಯಿಂದ ಇ6ರ ಕಾಲಾಳನ್ನು ಹೊಡೆಯಿತು. ಹತ್ತೊಂಬತ್ತು ನಡೆಗೆ ಕಾಸ್ಪರೋವ್ ಕೈ ಎತ್ತಿದ, ಪಂದ್ಯವೂ ಮೂರೂವರೆ-ಎರಡೂವರೆಯಲ್ಲಿ ಹೋಯಿತು.

ತಪ್ಪಿದ್ದು ಎಲ್ಲಿ? ಎಚ್7ರಲ್ಲಿದ್ದ ಕಾಲಾಳು ಸುಮ್ಮನೆ ನಿಂತಂತೆ ಕಂಡರೂ ಜಿ6ನ್ನು ಕಾಯುತ್ತಿತ್ತು. ಅದನ್ನು ಎಚ್6ಕ್ಕೆ ತಳ್ಳಿದ ಕೂಡಲೇ ಜಿ6 ಬಯಲಾಯಿತು. ಇ6ರಲ್ಲಿ ಕುದುರೆಯನ್ನು ತಿಂದರೆ ಡಿ3ರ ಒಂಟೆ ಜಿ6ಕ್ಕೆ ಬಂದು ಚೆಕ್ ಕೊಡುತ್ತದೆ, ಅದನ್ನು ಹೊಡೆಯುವವರಿಲ್ಲ. ಇಲ್ಲೂ ಕುದುರೆಯ ಬೆನ್ನಿಗೆ ಒಂಟೆಯೇ! ಕಾಸ್ಪರೋವ್ ಆಡಬೇಕಿದ್ದದ್ದು ಒಂಟೆ ಡಿ6ಕ್ಕೆ. ಬಿಳಿ ರಾಣಿ ಇ2ಕ್ಕೆ ಬಂದ ಮೇಲೆ ಎಚ್6 ಆಡಿದರೆ ಏನೂ ತೊಂದರೆ ಇಲ್ಲ, ಯಾಕೆಂದರೆ ಆಗ ಎಫ್8 ಖಾಲಿಯಾಗಿ ರಾಜನಿಗೆ ಉಸಿರಾಡಲು ಜಾಗ ಇರುತ್ತದೆ. ಬಿಳಿ ಕುದುರೆ ಇ4ಕ್ಕೆ ಹಿಂದೆ ಸರಿಯುತ್ತದೆ. ಅದೇ ಎಚ್6, ಒಂದು ನಡೆ ತಡವಾಗಿ ಬಂದಿತು ಅಷ್ಟೆ. ಕಾಸ್ಪರೋವ್‌ನಂಥವನೇ ಎಡವಿದ ಜಾಗ ಇದು, ನಮ್ಮ ನಿಮ್ಮ ಪಾಡೇನು.

ಇದೇ ಕಾರೋ-ಕಾನ್‌ನಲ್ಲಿ ಇನ್ನೊಂದು ಗುಂಡಿ. ಕುದುರೆ ಇ4ರಲ್ಲೇ ಇದೆ, ಬಿಳಿಯವನು ರಾಣಿಯನ್ನು ಇ2ಕ್ಕೆ ತಂದ. ನೀವು ಯೋಚನೆ ಮಾಡದೆ ಜಿ8ರ ಕುದುರೆಯನ್ನು ಎಫ್6ಕ್ಕೆ ತಂದರೆ ಕುದುರೆ ಡಿ6ಕ್ಕೆ ಬಂದು ಮೇಟ್. ಇ7ರ ಕಾಲಾಳು ಹೊಡೆಯುವಂತಿಲ್ಲ, ರಾಣಿ ಅದನ್ನು ರಾಜನಿಗೆ ಕಟ್ಟಿಹಾಕಿದೆ. ರಾಜನ ಸುತ್ತ ಅವನದೇ ಕಾಯಿಗಳು. ಅಲೆಖಿನ್ ಒಂದು ಪ್ರದರ್ಶನ ಪಂದ್ಯದಲ್ಲಿ ಹೀಗೇ ಮುಗಿಸಿದ್ದಾನೆ. ರಾಣಿ ಯಾಕಪ್ಪಾ ತನ್ನದೇ ಒಂಟೆಯ ದಾರಿಗೆ ಅಡ್ಡ ಬಂದು ಇ2ರಲ್ಲಿ ಕೂತಳು ಅಂತ ಒಂದು ಕ್ಷಣ ಕೇಳಿಕೊಂಡಿದ್ದರೆ ಸಾಕಿತ್ತು.

ರಾಣಿಯ ಕಡೆಗೆ ಬರುವ ಕುದುರೆಯ ಸ್ವಭಾವ ಬೇರೆ. ಅದು ಬಿ5ಕ್ಕೆ ಬಂದು ಸಿ7ಕ್ಕೋ ಡಿ6ಕ್ಕೋ ಗುರಿ ಇಡುತ್ತದೆ. ಡಿ4, ಕುದುರೆ ಎಫ್6, ಕುದುರೆ ಸಿ3, ಡಿ5, ಒಂಟೆ ಎಫ್4, ಇ6, ಕುದುರೆ ಬಿ5. ಈಗೀಗ ಇದನ್ನು ಆಡುವವರು ಜಾಸ್ತಿಯಾಗಿದ್ದಾರೆ. ಬೆನ್ನಿಗೆ ಯಾರಿದ್ದಾರೆ? ಎಫ್4ರ ಒಂಟೆ. ಎರಡೂ ಸೇರಿ ಸಿ7ನ್ನು ಒತ್ತುತ್ತಿವೆ. ಇಲ್ಲಿ ಕಾವಲು ಸುಲಭ, ಬಿ8ರ ಕುದುರೆಯನ್ನು ಎ6ಕ್ಕೆ ತನ್ನಿ. ಆಮೇಲೆ ಒಂಟೆ ಇ7, ಕ್ಯಾಸಲಿಂಗ್, ಎಲ್ಲ ನಿಧಾನಕ್ಕೆ ಮಾಡಿಕೊಂಡು ಸಿ6 ತಳ್ಳಿ. ಕುದುರೆ ಬಂದ ದಾರಿಗೆ ಸುಂಕ ಇಲ್ಲದೆ ಹಿಂದೆ ಹೋಗಬೇಕು. ಆತುರಪಟ್ಟು ಸಿ6ನ್ನು ಮೊದಲೇ ತಳ್ಳಿದರೆ ಮಾತ್ರ ಕುದುರೆ ಡಿ6ಕ್ಕೆ ಹಾರಿ ಚೆಕ್ ಕೊಡುತ್ತದೆ. ಸಿ7ರಲ್ಲಿ ಕಾಲಾಳು ಇರುವವರೆಗೂ ಆ ಭಯ ಇಲ್ಲ.

ಸಿಸಿಲಿಯನ್ ಓಪನಿಂಗಿನಲ್ಲಿ ಸ್ವೆಶ್ನಿಕೋವ್ ಅನ್ನುವ ದಾರಿ ಆಡುವವರು ಬಿ5ರ ಕುದುರೆಯನ್ನು ಕರೆದು ಕೂರಿಸುತ್ತಾರೆ ಅನ್ನಬಹುದು. ಕಪ್ಪು ಇ5 ತಳ್ಳುತ್ತದೆ, ಡಿ4ರ ಕುದುರೆ ಬಿ5ಕ್ಕೆ ಬರುತ್ತದೆ, ಕಪ್ಪು ಡಿ6 ಮುಚ್ಚುತ್ತದೆ. ಬಿಳಿ ಒಂಟೆ ಜಿ5ಕ್ಕೆ. ಆಗ ಎ6, ಕುದುರೆ ಎ3ಕ್ಕೆ ಹೋಗಿ ಅಂಚಿನಲ್ಲಿ ಕೂರುತ್ತದೆ, ಬಿ5 ತಳ್ಳಿ ಅದಕ್ಕೆ ಇನ್ನೂ ಬೇಲಿ ಹಾಕುತ್ತಾರೆ. ಇದಕ್ಕೆ ಕೊಡುವ ಬೆಲೆ ಡಿ5ರಲ್ಲಿ ಒಂದು ದೊಡ್ಡ ತೂತು. ಅಲ್ಲಿ ಬಿಳಿ ಕಾಯಿ ಕೂತರೆ ಎಬ್ಬಿಸುವುದು ಕಷ್ಟ. ಹಿಂದಿನವರು ಆ ತೂತು ನೋಡಿಯೇ ಮೂಗು ಮುರಿಯುತ್ತಿದ್ದರು. ಈ ದಾರಿಗೆ ಹೆಸರು ಕೊಟ್ಟ ಆಟಗಾರ ಸ್ವೆಶ್ನಿಕೋವ್ 1970ರ ದಶಕದಲ್ಲಿ ಪಟ್ಟು ಬಿಡದೆ ಆಡಿ ಮರ್ಯಾದೆ ತಂದುಕೊಟ್ಟ. 2018ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಲ್‌ಸನ್ ಇದನ್ನೇ ನೆಚ್ಚಿಕೊಂಡ. ಕರುವಾನಾ ಮಾತ್ರ ಒಂಟೆ ಜಿ5ಕ್ಕೆ ತರದೆ ಇನ್ನೊಂದು ಕುದುರೆಯನ್ನು ನೇರ ಡಿ5ಕ್ಕೆ ಹಾರಿಸಿದ.

ಕೆಲವು ಕುದುರೆಗಳು ಸಾಯಲೆಂದೇ ಬರುತ್ತವೆ. ಪೆಟ್ರೋವ್ ಡಿಫೆನ್ಸ್‌ನಲ್ಲಿ ಬಿಳಿ ಕುದುರೆ ಇ5 ಹೊಡೆದಾಗ ನೀವು ಡಿ6 ಆಡುತ್ತೀರಿ, ಅದು ಎಫ್7 ಹೊಡೆದು ರಾಜನಿಗೆ ಬಲಿಯಾಗುತ್ತದೆ. ಇದು ಕಾಕ್ರನ್ ಗ್ಯಾಂಬಿಟ್. ಕಾಕ್ರನ್ 1848ರಲ್ಲಿ ಕಲ್ಕತ್ತಾದಲ್ಲಿ ಮಹೇಶಚಂದ್ರ ಬ್ಯಾನರ್ಜಿ ವಿರುದ್ಧ ಇದನ್ನು ಆಡಿದ್ದ. ಹಳೇ ಕಾಲದ ಹುಡುಗಾಟ ಅಂದುಕೊಳ್ಳಬೇಡಿ, 1999ರಲ್ಲಿ ಲಿನಾರೆಸ್‌ನಲ್ಲಿ ಟೊಪಲೋವ್ ಇದನ್ನು ಕ್ರಾಮ್ನಿಕ್ ಮೇಲೆ ಪ್ರಯೋಗಿಸಿ ಡ್ರಾ ಮಾಡಿಕೊಂಡ. ಕುದುರೆಗೆ ಬದಲು ಬಿಳಿಗೆ ಎರಡು ಕಾಲಾಳು ಸಿಕ್ಕಿವೆ, ನಿಮ್ಮ ರಾಜ ಬೀದಿಗೆ ಬಂದಿದ್ದಾನೆ. ಬಿಳಿ ಡಿ4 ತಳ್ಳಿದಾಗ ಇ4ರ ಕಾಲಾಳು ಬಿಟ್ಟಿ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಮುಟ್ಟಿದರೆ ರಾಣಿ ಎಚ್5ಕ್ಕೆ ಬಂದು ಚೆಕ್, ಜಿ6 ತಡೆದರೆ ಡಿ5ಕ್ಕೆ ಬಂದು ಇನ್ನೊಂದು ಚೆಕ್, ಇ4ರ ಕುದುರೆ ಗೋವಿಂದ.

ಹ್ಯಾಲೋವೀನ್ ಅನ್ನುವ ಇನ್ನೊಂದಿದೆ. ನಾಲ್ಕೂ ಕುದುರೆ ಹೊರಗೆ ಬಂದ ಮೇಲೆ ಬಿಳಿಯವನು ಇ5ರಲ್ಲಿ ಹೊಡೆದು ಕುದುರೆ ಕೊಟ್ಟು, ಡಿ4 ತಳ್ಳಿ, ನಿಮ್ಮ ಕುದುರೆಗಳನ್ನು ಕಾಲಾಳಿನಿಂದ ಅಟ್ಟಿಸಿಕೊಂಡು ಬರುತ್ತಾನೆ. ಇಲ್ಲಿ ಸಿಕ್ಕ ಕಾಯಿಯನ್ನು ಎದೆಗೆ ಅವುಚಿಕೊಂಡವರು ಸೋಲುತ್ತಾರೆ. ಕುದುರೆಯನ್ನು ಸಿ6ಕ್ಕೆ ತನ್ನಿ, ಅವನು ಡಿ5 ತಳ್ಳುತ್ತಾನೆ, ಆಗ ಕುದುರೆಯ ಕಡೆ ತಿರುಗಿಯೂ ನೋಡದೆ ಒಂಟೆಯನ್ನು ಬಿ4ಕ್ಕೆ ಹಾಕಿ. ಅವನು ಕುದುರೆ ತಿನ್ನಲಿ. ನಿಮ್ಮ ಇನ್ನೊಂದು ಕುದುರೆ ಇ4ರ ಕಾಲಾಳನ್ನು ತಿನ್ನುತ್ತದೆ. ಕಾಯಿ ಲೆಕ್ಕ ಸಮ, ಈಗ ಸಿ3ರಲ್ಲಿ ಉಸಿರು ಕಟ್ಟುತ್ತಿರುವುದು ಬಿಳಿಗೆ.

ಕೊನೆಗೆ ಇಬ್ಬರು ಪ್ರಶ್ನೆ ಕೇಳಿದರು. ಒಬ್ಬರದು, ಮೂರನೇ ನಡೆಯಲ್ಲೇ ಎಚ್6 ಆಡಿ ಕುದುರೆಗೆ ಜಿ5 ಬಾಗಿಲೇ ಮುಚ್ಚಿಬಿಟ್ಟರೆ ಆಗದಾ ಅಂತ. ಆಗುತ್ತದೆ, ಸೋಲುವುದೇನಿಲ್ಲ. ಆದರೆ ಬರದೇ ಇರುವ ಕಳ್ಳನಿಗೆ ಬೀಗ ಹಾಕಲು ಒಂದು ಪೂರ್ತಿ ನಡೆ ಕೊಟ್ಟ ಹಾಗೆ. ಬಿಳಿಯವನು ಡಿ4 ತಳ್ಳಿ ಮಧ್ಯೆ ಜಾಗ ಹಿಡಿಯುತ್ತಾನೆ. ಅದಕ್ಕಿಂತ ಒಂಟೆ ಸಿ5 ವಾಸಿ, ಬೀಗವೂ ಆಯಿತು, ಕಾಯಿಯೂ ಹೊರಗೆ ಬಂತು.

ಇನ್ನೊಂದು ಪ್ರಶ್ನೆ ಮುಂದಿನ ಸಾಲಿನ ಹುಡುಗಿಯದು, ಒಳ್ಳೆಯ ಪ್ರಶ್ನೆ. ಕಾವಲಿಗೆ ಕೆಲಸಕ್ಕೆ ಬರುವವರು ಯಾರೂ ಇಲ್ಲ ಅಂದಿರಿ, ರಾಣಿಯನ್ನು ಇ7ಕ್ಕೆ ತಂದರೆ ಎಫ್7ಕ್ಕೆ ಇಬ್ಬರು ಕಾವಲುಗಾರರು ಆಗಲಿಲ್ಲವಾ ಅಂತ ಕೇಳಿದಳು. ಬೋರ್ಡ್ ಮೇಲೆ ಇಟ್ಟೇ ನೋಡಿದೆವು. ರಾಣಿ ಇ7. ಬಿಳಿ ಒಂಟೆ ಎಫ್7 ಹೊಡೆದು ಚೆಕ್. ರಾಣಿಯಿಂದ ಒಂಟೆಯನ್ನು ಹೊಡೆಯೋಣ ಅಂದಳು. ಹೊಡೆದೆವು, ಜಿ5ರ ಕುದುರೆ ರಾಣಿಯನ್ನು ತಿಂದಿತು, ರಾಜ ಕುದುರೆಯನ್ನು ತಿಂದ. ರಾಣಿ ಕೊಟ್ಟು ಎರಡು ಸಣ್ಣ ಕಾಯಿ. ಬೇಡ, ನಡೆ ವಾಪಸ್ ಇಡಿ ಅಂದಳು. ರಾಜನನ್ನು ಡಿ8ಕ್ಕೆ ಸರಿಸಿದಳು. ನಾನು ಒಂಟೆಯನ್ನು ಬಿ3ಕ್ಕೆ ಎಳೆದುಕೊಂಡೆ. ಒಂದು ಕಾಲಾಳು ಹೋಯಿತು, ಕ್ಯಾಸಲಿಂಗ್ ಹೋಯಿತು, ಕುದುರೆ ಇನ್ನೂ ಜಿ5ರಲ್ಲೇ ಇದೆ. ಅವಳು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದಳು. ಆಮೇಲೆ ಎಲ್ಲ ಕಾಯಿಗಳನ್ನೂ ಹಿಂದಕ್ಕೆ ಜೋಡಿಸಿ, ಡಿ7ರ ಕಾಲಾಳನ್ನು ಎತ್ತಿ ಡಿ5ಕ್ಕೆ ಇಟ್ಟಳು.